ಡಾನ್ ದಂಡೆಯ ಸಂಪರ್ಕಾಧಿಕಾರಿಗಳು: ರೊಮೇನಿಯಾದ ಮೂರನೆಯ ಸೇನೆ ಮತ್ತು ಜರ್ಮನಿ, 1942

1942ರ ನವೆಂಬರ್ 19ರ ನಸುಕಿನಲ್ಲಿ, ಜರ್ಮನ್ ಗಡಿಯಾರದಲ್ಲಿ ಐದು ಗಂಟೆ ಆಗಷ್ಟೇ ದಾಟಿದ್ದಾಗ, ಸ್ಟಾಲಿನ್‌ಗ್ರಾಡ್‌ಗಾಗಿ ಹೋರಾಡುತ್ತಿದ್ದ ಜರ್ಮನಿಯ ಆರನೆಯ ಸೇನೆಯ ಪ್ರಧಾನ ಕಚೇರಿಗೆ ಒಂದು ದೂರವಾಣಿ ಕರೆ ಬಂತು. ಕಚೇರಿ ಇದ್ದದ್ದು ಡಾನ್ ನದಿಯ ಬಲದಂಡೆಯ ಗೊಲುಬಿನ್‌ಸ್ಕಿ ಎಂಬ ದೊಡ್ಡ ಕೊಸಾಕ್ ಹಳ್ಳಿಯಲ್ಲಿ. ಹೊರಗೆ ಹಿಮ ಬೀಳುತ್ತಿತ್ತು, ಮಂಜಿನಿಂದಾಗಿ ಕಾವಲುಗಾರರಿಗೆ ನಾಲ್ಕು ಹೆಜ್ಜೆ ಆಚೆಗಿನದು ಕಾಣುತ್ತಿರಲಿಲ್ಲ. ಕರೆ ಮಾಡಿದವರು ಲೆಫ್ಟಿನೆಂಟ್ ಗೆರ್ಹಾರ್ಡ್ ಸ್ಟೋಕ್. ಕ್ಲೆಟ್ಸ್‌ಕಾಯಾ ವಲಯದಲ್ಲಿ, ಜರ್ಮನಿಯ ಮಿತ್ರನಾಗಿ ಹೋರಾಡುತ್ತಿದ್ದ ರೊಮೇನಿಯಾದ ನಾಲ್ಕನೆಯ ಕೋರ್‌ನ ಜೊತೆಗೆ ಇರಿಸಲಾಗಿದ್ದ ಜರ್ಮನ್ ಸಂಪರ್ಕಾಧಿಕಾರಿ. ಧ್ಯಾನ್‌ಚಂದ್ ನಾಯಕತ್ವದ ನಮ್ಮ ಹಾಕಿ ತಂಡ ಚಿನ್ನ ಗೆದ್ದ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲೇ ಭರ್ಜಿ ಎಸೆತದ ಚಿನ್ನ ಗೆದ್ದಿದ್ದವರು ಇವರು. ಅವರು ತಿಳಿಸಿದ ಸುದ್ದಿ ಚಿಕ್ಕದು. ರೊಮೇನಿಯಾದ ಒಂದನೆಯ ಅಶ್ವದಳ ಡಿವಿಷನ್ನಿನ ಕೈಗೆ ಒಬ್ಬ ರಷ್ಯನ್ ಅಧಿಕಾರಿ ಸೆರೆ ಸಿಕ್ಕಿದ್ದಾನೆ. ಬಹುದಿನಗಳಿಂದ ನಿರೀಕ್ಷಿಸುತ್ತಿದ್ದ ದಾಳಿ ಈ ದಿನ ಐದು ಗಂಟೆಗೆ ಆರಂಭವಾಗಲಿದೆ ಎಂದು ಅವನು ಹೇಳುತ್ತಿದ್ದಾನೆ.

ಗಡಿಯಾರದಲ್ಲಿ ಐದು ಆಗಲೇ ದಾಟಿತ್ತು, ಎಲ್ಲಿಯೂ ಸದ್ದಿರಲಿಲ್ಲ. ಸೇನೆಯ ಸಿಬ್ಬಂದಿ ಮುಖ್ಯಸ್ಥ ಜನರಲ್ ಆರ್ಥರ್ ಶ್ಮಿಟ್ ಅವರನ್ನು ಸುಳ್ಳು ಸುದ್ದಿಗೆ ಎಬ್ಬಿಸಿದರೆ ಏನಾಗುತ್ತದೆ ಎಂಬುದು ಕರ್ತವ್ಯದಲ್ಲಿದ್ದ ಅಧಿಕಾರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಯಾರನ್ನೂ ಎಬ್ಬಿಸಲಿಲ್ಲ. ಅರ್ಧ ಗಂಟೆಯೊಳಗೆ, ಮಾಸ್ಕೋ ಸಮಯ ಏಳೂವರೆಗೆ, ಸೋವಿಯತ್ ಪಡೆಗಳ ಸುಮಾರು 3,500 ಫಿರಂಗಿ ಮತ್ತು ಮಾರ್ಟರ್‌ಗಳು ರೊಮೇನಿಯಾದ ಮೂರನೆಯ ಸೇನೆಯ ಮೇಲೆ ಒಟ್ಟಿಗೆ ಸಿಡಿದವು.

ಈ ಕರೆಯನ್ನು ಸಾಮಾನ್ಯವಾಗಿ ಅಧಿಕಾರಿಯೊಬ್ಬನ ಅಳುಕಿನ ಕಥೆಯಾಗಿ ಹೇಳಲಾಗುತ್ತದೆ. ನನಗೆ ಅದು ಅಷ್ಟು ಮುಖ್ಯವೆನಿಸುವುದಿಲ್ಲ, ಏಕೆಂದರೆ ಶ್ಮಿಟ್ ಎದ್ದು ಕುಳಿತಿದ್ದರೂ ಆ ಅರ್ಧ ಗಂಟೆಯಲ್ಲಿ ಆರನೆಯ ಸೇನೆ ಮಾಡಬಹುದಾಗಿದ್ದದ್ದು ಬಹಳ ಕಡಿಮೆ. ಗಮನಿಸಬೇಕಾದ ಅಂಶ ಬೇರೆಯಿದೆ. ಮಿತ್ರಸೇನೆಯ ಮುಂಚೂಣಿಯಲ್ಲಿ ಹೊಳೆದ ಸುಳಿವನ್ನು ಜರ್ಮನ್ ಕಚೇರಿಗೆ ತಲುಪಿಸುವುದಕ್ಕೆಂದೇ ಕಟ್ಟಿದ ವ್ಯವಸ್ಥೆ ಆ ಬೆಳಿಗ್ಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು: ಸೆರೆಯಾಳು ಸಿಕ್ಕ, ಮಾತು ಅನುವಾದವಾಯಿತು, ತಂತಿ ಕೆಲಸ ಮಾಡಿತು, ಸುದ್ದಿ ದಾಖಲಾಯಿತು. ಇಷ್ಟೆಲ್ಲ ಆಗಿಯೂ ಏನೂ ಆಗಲಿಲ್ಲ. ಆ ವ್ಯವಸ್ಥೆ ಸುದ್ದಿಯನ್ನು ಒಯ್ಯಬಲ್ಲದಾಗಿತ್ತೇ ಹೊರತು ಅದಕ್ಕೆ ತೂಕ ಕೊಡಬಲ್ಲದಾಗಿರಲಿಲ್ಲ ಎಂಬುದನ್ನು ಈ ಪ್ರಕರಣದ ಹಿಂದಿನ ಆರೇಳು ವಾರಗಳು ಮತ್ತು ಮುಂದಿನ ಒಂದು ವಾರ ಸ್ಪಷ್ಟವಾಗಿ ತೋರಿಸುತ್ತವೆ.

ವ್ಯವಸ್ಥೆ ಬೆಳೆದ ಬಗೆ

ರೊಮೇನಿಯಾದಲ್ಲಿ ಜರ್ಮನ್ ಸೇನಾಧಿಕಾರಿಗಳ ಉಪಸ್ಥಿತಿ 1940ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಸೇನಾ ಮಿಷನ್ ಎಂಬ ಹೆಸರಿನಲ್ಲಿ ಜನರಲ್ ಎರಿಕ್ ಹಾನ್ಸೆನ್ ಅವರ ನೇತೃತ್ವದಲ್ಲಿ ಬಂದ ಈ ತಂಡದ ಘೋಷಿತ ಉದ್ದೇಶ ರೊಮೇನಿಯಾದ ಸೈನ್ಯಕ್ಕೆ ಆಧುನಿಕ ತರಬೇತಿ ಕೊಡುವುದು. ಘೋಷಿಸದೆ ಇದ್ದ ಉದ್ದೇಶ ಪ್ಲೊಯೆಷ್ಟಿಯ ತೈಲಬಾವಿಗಳನ್ನು ಕಾಯುವುದು ಮತ್ತು ರಷ್ಯಾದ ಮೇಲಿನ ಯುದ್ಧಕ್ಕೆ ಆ ನೆಲವನ್ನು ಸಿದ್ಧಪಡಿಸುವುದು. 1941ರ ಜೂನ್‌ನಲ್ಲಿ ಯುದ್ಧ ಆರಂಭವಾದಾಗ ಈ ರಂಗದ ಮುಂದಾಳತ್ವ ಕಾಗದದ ಮೇಲೆ ರೊಮೇನಿಯಾದ ಸರ್ವಾಧಿಕಾರಿ, ಮುಂದೆ ಮಾರ್ಷಲ್ ಆದ ಜನರಲ್ ಇಯಾನ್ ಆಂಟೊನೆಸ್ಕು ಅವರದಾಗಿತ್ತು. ಅವರ ಹೆಸರಿನಲ್ಲಿ ಯೋಜನೆ ಹಾಕಿ ಆದೇಶ ಸಿದ್ಧಪಡಿಸುತ್ತಿದ್ದದ್ದು ಜರ್ಮನಿಯ ಹನ್ನೊಂದನೆಯ ಸೇನೆಯ ಸಿಬ್ಬಂದಿ. ಮಿತ್ರನ ಸಹಿ, ಜರ್ಮನಿಯ ಕರಡು ಎಂಬ ಈ ಏರ್ಪಾಡು ಮೊದಲ ದಿನದಿಂದಲೇ ಇತ್ತೆಂಬುದನ್ನು ನೆನಪಿಡಬೇಕು. ಹಾನ್ಸೆನ್ ಒಂದು ಕೋರ್‌ನ ದಳಪತಿಯಾಗಿ ರಂಗಕ್ಕೆ ಹೋದ ಮೇಲೆ ಮಿಷನ್ನಿನ ಹೊಣೆ ಆರ್ಥರ್ ಹೌಫೆ ಅವರಿಗೆ ಬಂತು.

ಈ ಮಿಷನ್ನಿನ ಕೆಳಗೆ, ಸೇನೆಯಿಂದ ಡಿವಿಷನ್ನಿನವರೆಗೆ, ಸಂಪರ್ಕ ತಂಡಗಳ ಒಂದು ಸಾಲು ಹರಡಿಕೊಂಡಿತ್ತು. ಸೇನಾ ಮಟ್ಟದಲ್ಲಿ ಹಿರಿಯ ಅಧಿಕಾರಿಯೊಬ್ಬರ ಕೆಳಗೆ ಪುಟ್ಟ ಕಚೇರಿಯೇ ಇರುತ್ತಿತ್ತು. ಕೆಳಗಿಳಿದಂತೆ ತಂಡ ಚಿಕ್ಕದಾಗುತ್ತ ಹೋಗಿ ಒಬ್ಬ ಅಧಿಕಾರಿ, ಒಬ್ಬ ದುಭಾಷಿ, ಕೆಲವು ರೇಡಿಯೋ ಸಿಬ್ಬಂದಿ ಮತ್ತು ಒಂದೆರಡು ವಾಹನ ಎಂಬಷ್ಟಕ್ಕೆ ಬಂದು ನಿಲ್ಲುತ್ತಿತ್ತು. ದುಭಾಷಿಗಳಲ್ಲಿ ಟ್ರಾನ್ಸಿಲ್ವೇನಿಯಾ ಮತ್ತು ಬನಾತ್ ಪ್ರದೇಶಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಜರ್ಮನ್ ಮನೆಮಾತಿನವರೂ ಇದ್ದರು. ಎರಡೂ ಭಾಷೆ ಬಲ್ಲವರು ಎಂಬ ಕಾರಣಕ್ಕೆ ಅವರು ಅನಿವಾರ್ಯರಾಗಿದ್ದರು; ಅದೇ ಕಾರಣಕ್ಕೆ, ತಮ್ಮದೇ ದೇಶದ ಪ್ರಜೆಗಳು ಪರದೇಶದ ಸೈನ್ಯದ ಬಾಯಾಗಿ ನಿಂತಿದ್ದಾರೆಂದು ರೊಮೇನಿಯಾದ ಅಧಿಕಾರಿಗಳಿಗೆ ಅವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ.

ಈ ತಂಡಗಳ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಲಾಗದು. ಜರ್ಮನ್ ಆದೇಶ ಸರಿಯಾಗಿ ಅರ್ಥವಾಯಿತೇ ಎಂದು ನೋಡಬೇಕು, ಮಿತ್ರಪಡೆಯ ನಿಜಸ್ಥಿತಿಯನ್ನು ಮೇಲಕ್ಕೆ ವರದಿ ಮಾಡಬೇಕು, ಜರ್ಮನ್ ಉಗ್ರಾಣದಿಂದ ಮದ್ದುಗುಂಡು, ಇಂಧನ, ಮೇವು ಸಿಗುವಂತೆ ಓಡಾಡಬೇಕು, ಸಲಹೆ ಕೊಡಬೇಕು. ಆದರೆ ಆಜ್ಞೆ ಮಾಡುವಂತಿಲ್ಲ. ಕೊನೆಯ ಈ ನಿರ್ಬಂಧವೇ ಎಲ್ಲಕ್ಕಿಂತ ಹೆಚ್ಚು ತೊಡಕಿನದಾಗಿತ್ತು, ಏಕೆಂದರೆ ಡಿವಿಷನ್ನಿನ ರೊಮೇನಿಯನ್ ಜನರಲ್‌ಗೆ ಸಲಹೆ ಕೊಡುತ್ತಿದ್ದ ಜರ್ಮನ್ ಮೇಜರ್ ಹುದ್ದೆಯಲ್ಲಿ ಬಹಳ ಕಿರಿಯ. ಆದರೆ ಆ ಮೇಜರ್ ಬರೆದ ವರದಿ ಆತನ ಸ್ವಂತ ದಾರಿಯಲ್ಲಿ, ಆತನ ಸ್ವಂತ ರೇಡಿಯೋದಲ್ಲಿ, ಜನರಲ್‌ನ ವರದಿಗಿಂತ ಮೊದಲೇ ಜರ್ಮನ್ ಕಚೇರಿಯನ್ನು ತಲುಪುತ್ತಿತ್ತು. ರೊಮೇನಿಯಾದ ಡಿವಿಷನ್‌ಗಳಲ್ಲಿ ರೇಡಿಯೋಗಳು ವಿರಳ. ದೂರದವರ ಜೊತೆ ಬೇಗ ಮಾತಾಡಬೇಕೆಂದರೆ ಎಷ್ಟೋ ಕಡೆ ಜರ್ಮನ್ ಸಂಪರ್ಕ ತಂಡದ ಉಪಕರಣವೇ ಗತಿ. ಮಿತ್ರನ ಕಿವಿ, ಬಾಯಿ ಎರಡೂ ಹೀಗೆ ಜರ್ಮನ್ನರ ಕೈಯಲ್ಲಿತ್ತು. ಸಂಪರ್ಕಾಧಿಕಾರಿ ಒಳ್ಳೆಯವನಾದರೆ ಆತ ಆ ಸೇನೆಯ ವಕೀಲನಾಗುತ್ತಿದ್ದ, ಅಲ್ಲವಾದರೆ ಮೇಸ್ತ್ರಿಯಾಗುತ್ತಿದ್ದ. ಹೆಚ್ಚಿನವರು ದಿನಕ್ಕೊಂದು ಪಾತ್ರ ವಹಿಸಿದರು.

ಇದೇ ಯುದ್ಧದಲ್ಲಿ ಫಿನ್ಲೆಂಡಿನ ಸಂಗತಿ ಬೇರೆಯಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಮಾರ್ಷಲ್ ಮ್ಯಾನರ್‌ಹೈಮ್ ಅವರ ಪ್ರಧಾನ ಕಚೇರಿ ಇದ್ದ ಮಿಕ್ಕೆಲಿಯಲ್ಲಿ ಜನರಲ್ ವಾಲ್ಡೆಮಾರ್ ಎರ್ಫುರ್ಟ್ 1941ರಿಂದ 1944ರವರೆಗೆ ಜರ್ಮನಿಯ ಪ್ರತಿನಿಧಿಯಾಗಿದ್ದರು. ಲೆನಿನ್‌ಗ್ರಾಡ್‌ನ ಮೇಲೆ ಉತ್ತರದಿಂದಲೂ ಒತ್ತಡ ಹಾಕಬೇಕೆಂಬ ಬೇಡಿಕೆಯನ್ನು ಅವರು ಒಯ್ದರು, 1941ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಹೈಕಮಾಂಡಿನ ಕಾರ್ಯಾಚರಣಾ ಮುಖ್ಯಸ್ಥ ಯೋಡ್ಲ್ ಸ್ವತಃ ಬಂದು ಕೇಳಿದರು, ಮ್ಯಾನರ್‌ಹೈಮ್ ಒಪ್ಪಲಿಲ್ಲ. ತನ್ನ ರಂಗವನ್ನು ತಾನೇ ಆಳುತ್ತಿದ್ದ ಸೇನಾಪತಿಯ ಮುಂದೆ ಸಂಪರ್ಕಾಧಿಕಾರಿ ರಾಯಭಾರಿಯಾಗಿಯೇ ಉಳಿಯಬೇಕಾಯಿತು. ಡಾನ್ ದಂಡೆಯಲ್ಲಿ ರೊಮೇನಿಯಾದ ಸೇನಾಪತಿಗೆ ಆ ಸ್ಥಾನವಿರಲಿಲ್ಲ. ಅವರ ಸೇನೆ ಜರ್ಮನಿಯ ಸೇನಾ ಸಮೂಹ ‘ಬಿ’ಯ ಅಧೀನದಲ್ಲಿತ್ತು, ರೈಲುಮಾರ್ಗ ಜರ್ಮನರದು, ಎದುರಾಳಿಯ ಕುರಿತ ಗೂಢಚಾರ ವರದಿಗಳೂ ಬಹುಪಾಲು ಜರ್ಮನರವು.

ದಂಡೆಯ ಎರಡು ನೆಲೆಗಳು

1942ರ ಬೇಸಿಗೆಯಲ್ಲಿ ಜರ್ಮನ್ ಡಿವಿಷನ್‌ಗಳು ಸ್ಟಾಲಿನ್‌ಗ್ರಾಡ್ ಮತ್ತು ಕಾಕಸಸ್‌ಗಳತ್ತ ಸಾಗಿದಂತೆ ಡಾನ್ ನದಿಯುದ್ದಕ್ಕೂ ಎಡಪಕ್ಕ ಬರಿದಾಗುತ್ತ ಹೋಯಿತು. ಆ ಖಾಲಿ ಜಾಗಕ್ಕೆ ಹಂಗೇರಿಯ ಎರಡನೆಯ ಸೇನೆ, ಇಟಲಿಯ ಎಂಟನೆಯ ಸೇನೆ, ಕೊನೆಗೆ ಅಕ್ಟೋಬರ್ ಆದಿಯಲ್ಲಿ ರೊಮೇನಿಯಾದ ಮೂರನೆಯ ಸೇನೆ ಬಂದವು. ಹಂಗೇರಿ ಮತ್ತು ರೊಮೇನಿಯಾ ಟ್ರಾನ್ಸಿಲ್ವೇನಿಯಾದ ವಿಚಾರದಲ್ಲಿ ಪರಸ್ಪರ ಹಲ್ಲು ಮಸೆಯುತ್ತಿದ್ದ ಕಾರಣ ಇಬ್ಬರ ನಡುವೆ ಇಟಲಿಯವರನ್ನು ನಿಲ್ಲಿಸಬೇಕಾಯಿತು. ಮೂರನೆಯ ಸೇನೆಯ ದಳಪತಿ ಜನರಲ್ ಪೆತ್ರೆ ದುಮಿತ್ರೆಸ್ಕು ಅವರ ಪಾಲಿಗೆ ಬಂದ ರಂಗದ ಉದ್ದ 140 ಕಿ.ಮೀ.ಗೆ ಹತ್ತಿರ, ಒಂದೊಂದು ಡಿವಿಷನ್ ಕಾಯಬೇಕಾಗಿದ್ದದ್ದು ಸರಾಸರಿ 20 ಕಿ.ಮೀ.

ನದಿಯೇ ಗಡಿಯಾಗಿದ್ದರೆ ಇದು ಹೇಗೋ ನಡೆಯುತ್ತಿತ್ತೇನೋ. ಆದರೆ ಸೆರಾಫಿಮೊವಿಚ್ ಮತ್ತು ಕ್ಲೆಟ್ಸ್‌ಕಾಯಾ ಎಂಬ ಎರಡು ಊರುಗಳ ಬಳಿ ಸೋವಿಯತ್ ಪಡೆಗಳು ಡಾನ್‌ನ ದಕ್ಷಿಣ ದಂಡೆಯಲ್ಲೇ ಗಟ್ಟಿಯಾಗಿ ಕಾಲೂರಿದ್ದವು. ಟ್ಯಾಂಕುಗಳನ್ನು ರಾತ್ರಿ ದಾಟಿಸಿ ಒಟ್ಟುಗೂಡಿಸಲು ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಿರಲಿಲ್ಲ. ಬಂದ ದಿನದಿಂದಲೇ ದುಮಿತ್ರೆಸ್ಕು ಅವರ ಬೇಡಿಕೆ ಒಂದೇ: ಈ ನೆಲೆಗಳನ್ನು ಈಗಲೇ ಕಿತ್ತುಹಾಕಿ ನದಿಯ ದಡಕ್ಕೆ ತಲುಪೋಣ, ಅದಕ್ಕೆ ಜರ್ಮನ್ ನೆರವು ಬೇಕು. ಬೇಡಿಕೆ ಸಂಪರ್ಕ ಕಚೇರಿಯ ಮೂಲಕ ಹೋಯಿತು, ಅವರ ಸ್ವಂತ ಸಹಿಯ ಪತ್ರವಾಗಿಯೂ ಹೋಯಿತು. ಸೇನಾ ಸಮೂಹದ ಮುಖ್ಯಸ್ಥ ಮ್ಯಾಕ್ಸಿಮಿಲಿಯನ್ ಫಾನ್ ವೈಕ್ಸ್ ಅವರಿಗೂ ಅಪಾಯ ಕಾಣದೆ ಇರಲಿಲ್ಲ. ಕೊಡಲು ಅವರ ಕೈಯಲ್ಲಿ ಪಡೆ ಇರಲಿಲ್ಲ. ಇದ್ದದ್ದೆಲ್ಲ ಸ್ಟಾಲಿನ್‌ಗ್ರಾಡ್‌ನ ಬೀದಿಗಳಲ್ಲಿ ಕರಗುತ್ತಿತ್ತು.

ಟ್ಯಾಂಕ್ ನಿರೋಧಕ ಫಿರಂಗಿಗಳ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಸಂಪರ್ಕಾಧಿಕಾರಿಗಳ ದಿನನಿತ್ಯದ ಓಡಾಟ ಅದರಲ್ಲಿ ಕಾಣುತ್ತದೆ. ರೊಮೇನಿಯಾದ ಡಿವಿಷನ್‌ಗಳ ಬಳಿ ಇದ್ದದ್ದು ಬಹುಮಟ್ಟಿಗೆ 37 ಮತ್ತು 47 ಮಿ.ಮೀ. ವ್ಯಾಸದ, ಕುದುರೆಗಳು ಎಳೆಯುವ ಫಿರಂಗಿಗಳು. ಟಿ-34 ಟ್ಯಾಂಕಿನ ಮುಂಭಾಗಕ್ಕೆ ಅವು ತಗುಲಿದರೆ ಶಬ್ದವಾಗುತ್ತಿತ್ತೇ ಹೊರತು ಹೆಚ್ಚೇನೂ ಆಗುತ್ತಿರಲಿಲ್ಲ. ಇದನ್ನು ಜರ್ಮನ್ ಸಂಪರ್ಕ ತಂಡಗಳೂ ಬಲ್ಲವು. ಆ ಹೊತ್ತಿಗೆ ಜರ್ಮನ್ ಪಡೆಗಳೇ 37 ಮಿ.ಮೀ. ಫಿರಂಗಿಯನ್ನು ಬಾಗಿಲು ತಟ್ಟುವ ಸಾಧನವೆಂದು ಗೇಲಿ ಮಾಡುತ್ತಿದ್ದವು. ಒತ್ತಾಯದ ಫಲವಾಗಿ ಅಕ್ಟೋಬರ್‌ನಲ್ಲಿ 75 ಮಿ.ಮೀ. ಫಿರಂಗಿಗಳು ಬಂದವು, ಡಿವಿಷನ್ನಿಗೆ ಆರರಂತೆ. 20 ಕಿ.ಮೀ. ಉದ್ದಕ್ಕೆ ಆರನ್ನು ಹಂಚಿದರೆ ಮೂರು ಕಿಲೋಮೀಟರಿಗೊಂದೂ ಬರುವುದಿಲ್ಲ. ಸಂಪರ್ಕಾಧಿಕಾರಿಯ ದೃಷ್ಟಿಯಲ್ಲಿ ಬೇಡಿಕೆ ಈಡೇರಿತ್ತು, ಜರ್ಮನ್ ಉಗ್ರಾಣದ ಲೆಕ್ಕದಲ್ಲಿ ನೆರವು ಸಂದಿತ್ತು, ಕಂದಕದಲ್ಲಿದ್ದ ರೈತನ ಮಗನಿಗೆ ಮಾತ್ರ ಅದು ಕಣ್ಣಿಗೂ ಬಿದ್ದಿರಲಿಲ್ಲ. ನೆಲಬಾಂಬು, ಮುಳ್ಳುತಂತಿ, ಚಳಿಯುಡುಪುಗಳೂ ಸಾಲದಾಗಿದ್ದವು. ಒಂದೇ ರೈಲುಹಾದಿಯಲ್ಲಿ ಬರುವ ಸರಕಿನಲ್ಲಿ ಸ್ಟಾಲಿನ್‌ಗ್ರಾಡ್‌ಗೆ ಮೊದಲ ಪಾಲು.

ಮೇಲೆ ಬರ್ಲಿನ್ ಕಡೆಗೆ ಹೋಗುತ್ತಿದ್ದ ವರದಿಗಳ ಸ್ಥಿತಿಯೂ ಗಮನಾರ್ಹ. ಪೂರ್ವರಂಗದ ಗೂಢಚಾರ ವಿಭಾಗದ ಮುಖ್ಯಸ್ಥ ರೈನ್‌ಹಾರ್ಡ್ ಗೆಹ್ಲೆನ್, ಚಳಿಗಾಲದ ಮುಖ್ಯ ಸೋವಿಯತ್ ಹೊಡೆತ ಮಧ್ಯದ ಸೇನಾ ಸಮೂಹದ ಮೇಲೆ ಬೀಳುವುದೆಂದು ನವೆಂಬರ್ ಮೊದಲ ವಾರದಲ್ಲಿ ಅಂದಾಜಿಸಿದ್ದರು. ನವೆಂಬರ್ 12ರ ಹೊತ್ತಿಗೆ ರೊಮೇನಿಯಾದ ಮೂರನೆಯ ಸೇನೆಯ ಮೇಲೂ ಸದ್ಯದಲ್ಲೇ ದಾಳಿಯಾಗಬಹುದೆಂದು ಬರೆದರು. ಆದರೆ ಅದರ ಗುರಿ ಸ್ಟಾಲಿನ್‌ಗ್ರಾಡ್‌ಗೆ ಹೋಗುವ ರೈಲುಹಾದಿಯನ್ನು ಕತ್ತರಿಸುವಷ್ಟು ಸೀಮಿತವಾಗಿರಬಹುದು ಎಂಬ ಅಳತೆಯೊಂದಿಗೆ. ಇಡೀ ಸೇನೆಯೊಂದನ್ನು ಸುತ್ತುಗಟ್ಟುವಷ್ಟು ದೊಡ್ಡ ಪಡೆ ನದಿಯಾಚೆ ಕೂಡುತ್ತಿದೆ ಎಂದು ದುಮಿತ್ರೆಸ್ಕು ಹೇಳಿದಾಗ, ರೊಮೇನಿಯಾದವರಿಗೆ ಭಯ ಜಾಸ್ತಿ ಎಂಬ ಅಭಿಪ್ರಾಯ ಆ ಮಾತಿಗಿಂತ ಮುಂಚೆಯೇ ಜರ್ಮನ್ ಕಚೇರಿಗಳಲ್ಲಿ ಕುಳಿತಿತ್ತು. ಆ ಅಭಿಪ್ರಾಯವನ್ನು ಅಲ್ಲಿ ಕೂರಿಸಿದ್ದರಲ್ಲಿ ಸಂಪರ್ಕಾಧಿಕಾರಿಗಳದೇ ವರ್ಷಾನುಗಟ್ಟಲೆಯ ವರದಿಗಳ ಪಾಲೂ ಇದೆ: ಮಿತ್ರಸೈನಿಕರ ತರಬೇತಿ ಕಳಪೆ, ಅಧಿಕಾರಿಗಳಿಗೂ ಸಿಪಾಯಿಗಳಿಗೂ ಬೇರೆ ಬೇರೆ ಊಟ, ಶಿಸ್ತಿಗಾಗಿ ಹೊಡೆತ. ಇವೆಲ್ಲ ಸುಳ್ಳಲ್ಲ. ಆದರೆ ಒಂದು ಸೇನೆಯ ಕೊರತೆಗಳನ್ನು ದಿನವೂ ಬರೆದುಕಳಿಸಿದ ಮೇಲೆ, ಅದೇ ಸೇನೆಯ ಎಚ್ಚರಿಕೆಯನ್ನು ಒಂದು ದಿನ ನಂಬಿ ಎಂದು ಹೇಳುವುದು ಸುಲಭವಲ್ಲ.

ಒಂದು ರೇಡಿಯೋ ಕೇಂದ್ರ

ಮೂರನೆಯ ಸೇನೆಯ ಬೆನ್ನಿಗೆ ಕೊಟ್ಟ ಮೀಸಲು ಪಡೆ ಎಂದರೆ ಜನರಲ್ ಫರ್ಡಿನಾಂಡ್ ಹೈಮ್ ಅವರ 48ನೆಯ ಪ್ಯಾಂಜರ್ ಕೋರ್. ಅದರಲ್ಲಿ ಜರ್ಮನಿಯ 22ನೆಯ ಪ್ಯಾಂಜರ್ ಡಿವಿಷನ್ ಮತ್ತು ರಾದು ಗೆರ್ಗೆ ಅವರ ನೇತೃತ್ವದ ರೊಮೇನಿಯಾದ ಒಂದನೆಯ ಟ್ಯಾಂಕ್ ಡಿವಿಷನ್ ಇದ್ದವು. ಜರ್ಮನ್ ಡಿವಿಷನ್ನಿನ ನೂರರಷ್ಟು ಟ್ಯಾಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓಡಲಿಲ್ಲ. ಚಳಿಯಿಂದ ಕಾಪಾಡಲು ಹುಲ್ಲು ಹೊದಿಸಿ ನಿಲ್ಲಿಸಿದ್ದಾಗ ಇಲಿಗಳು ಒಳಹೊಕ್ಕು ವಿದ್ಯುತ್ ತಂತಿಗಳ ಹೊದಿಕೆಯನ್ನು ಕಡಿದುಹಾಕಿದ್ದವು. ರೊಮೇನಿಯಾದ ಟ್ಯಾಂಕುಗಳಲ್ಲಿ ಬಹುಪಾಲು ಆರ್-2 ಎಂಬ ಹಳೆಯ ಚೆಕ್ ಮಾದರಿಯವು, 37 ಮಿ.ಮೀ. ಫಿರಂಗಿಯವು.

ನವೆಂಬರ್ 19ರ ಮೊದಲ ಗಂಟೆಗಳಲ್ಲಿ ರೊಮೇನಿಯಾದ ಕಾಲ್ದಳ ಹಲವು ಕಡೆ ದಾಳಿಯನ್ನು ಹಿಂದಕ್ಕಟ್ಟಿತು ಎಂಬುದನ್ನು ಅವರ ಪಾಲಿಗೆ ಹೇಳಲೇಬೇಕು. ಮಧ್ಯಾಹ್ನದ ವೇಳೆಗೆ ಸೋವಿಯತ್ ಟ್ಯಾಂಕ್ ಕೋರ್‌ಗಳು ನೇರವಾಗಿ ನುಗ್ಗಿದ ಮೇಲೆ ಸಾಲು ಹರಿಯಿತು. ಹೈಮ್ ಅವರಿಗೆ ಮೊದಲು ಈಶಾನ್ಯಕ್ಕೆ, ಕ್ಲೆಟ್ಸ್‌ಕಾಯಾದ ಕಡೆಗೆ ಹೋಗಲು ಆದೇಶ ಬಂತು. ಅವರು ಹೊರಟ ಮೇಲೆ ಹಿಟ್ಲರ್‌ನ ಕಡೆಯಿಂದ ಹೊಸ ಆದೇಶ ಬಂತು: ವಾಯವ್ಯಕ್ಕೆ ತಿರುಗಿ ಸೆರಾಫಿಮೊವಿಚ್ ಕಡೆಯಿಂದ ಬರುತ್ತಿರುವ ದಾಳಿಯನ್ನು ಎದುರಿಸಿ. ಎರಡು ಡಿವಿಷನ್‌ಗಳನ್ನು ಮಂಜಿನಲ್ಲಿ, ಅರ್ಧ ದಾರಿಯಲ್ಲಿ ತಿರುಗಿಸಿ ಮತ್ತೆ ಕೂಡಿಸಬೇಕಾದರೆ ಮಾತಿನ ಎಳೆ ತುಂಡಾಗದೆ ಇರಬೇಕು. ಹೈಮ್ ಮತ್ತು ಗೆರ್ಗೆ ನಡುವಿನ ಆ ಎಳೆ ಎಂದರೆ ರೊಮೇನಿಯಾದ ಡಿವಿಷನ್ನಿನ ಜೊತೆಗಿದ್ದ ಜರ್ಮನ್ ಸಂಪರ್ಕ ತಂಡದ ರೇಡಿಯೋ ಕೇಂದ್ರವೊಂದೇ. ಅದು ಸೋವಿಯತ್ ಟ್ಯಾಂಕುಗಳ ದಾರಿಗೆ ಸಿಕ್ಕಿ ನಾಶವಾಯಿತು.

ಅಲ್ಲಿಂದ ಮುಂದೆ ಎರಡು ಡಿವಿಷನ್‌ಗಳೂ ತಮ್ಮ ತಮ್ಮ ಯುದ್ಧವನ್ನು ಪ್ರತ್ಯೇಕವಾಗಿ ಹೋರಾಡಿದವು. ನಡುವಿನ ಅಂತರ ಕೆಲವೇ ಹತ್ತಾರು ಕಿ.ಮೀ., ಆದರೆ ಒಬ್ಬರಿಗೊಬ್ಬರು ಎಲ್ಲಿದ್ದಾರೆಂದು ತಿಳಿಯಲಿಲ್ಲ. ರೊಮೇನಿಯಾದ ಡಿವಿಷನ್ ತನ್ನ ಸೇನೆಯ ಜೊತೆ ಮಾತಾಡಬಲ್ಲ, ಜರ್ಮನ್ ಕೋರ್‌ನ ಜೊತೆಯೂ ತಾನೇ ಮಾತಾಡಬಲ್ಲ ಉಪಕರಣ, ಸಂಕೇತಭಾಷೆ, ಸಿಬ್ಬಂದಿ ಮೊದಲೇ ಇದ್ದಿದ್ದರೆ ಒಂದು ವಾಹನ ನಾಶವಾದುದರಿಂದ ಇಷ್ಟಾಗುತ್ತಿರಲಿಲ್ಲ. ಆದರೆ ಆ ಸಾಮರ್ಥ್ಯವನ್ನು ಮಿತ್ರನಿಗೆ ಕೊಟ್ಟುಬಿಟ್ಟರೆ ಸಂಪರ್ಕ ತಂಡದ ಹಿಡಿತ ಏನಾಗುತ್ತದೆ? ಈ ಪ್ರಶ್ನೆಯನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿದ್ದಾರೆಂದಲ್ಲ. ಹಿಡಿತ ಮತ್ತು ಸಂಪರ್ಕ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ವ್ಯವಸ್ಥೆಯ ರಚನೆಯಲ್ಲೇ ಅದಕ್ಕೆ ಉತ್ತರವಿತ್ತು ಎಂಬುದು ನನ್ನ ಅಭಿಪ್ರಾಯ.

ರಾಸ್ಪೊಪಿನ್‌ಸ್ಕಾಯಾ

ಎರಡು ಸೀಳುಗಳ ನಡುವೆ ಸಿಕ್ಕಿಬಿದ್ದ ರೊಮೇನಿಯಾದ ಡಿವಿಷನ್‌ಗಳು ರಾಸ್ಪೊಪಿನ್‌ಸ್ಕಾಯಾದ ಸುತ್ತ ಒಟ್ಟುಗೂಡಿದವು. ಆರನೆಯ ಡಿವಿಷನ್ನಿನ ದಳಪತಿ ಮಿಹಾಯ್ಲ್ ಲಸ್ಕರ್ ಅವರ ಹೆಸರು ಆ ಗುಂಪಿಗೆ ನಿಂತಿತು. ದಕ್ಷಿಣಕ್ಕೆ ನುಗ್ಗಿ ಹೊರಬರಲು ಅವಕಾಶ ಕೊಡಿ ಎಂದು ದುಮಿತ್ರೆಸ್ಕು ಕೇಳಿದರು. ಅಲ್ಲೇ ನಿಂತು ಹೋರಾಡಬೇಕೆಂದು ಹಿಟ್ಲರ್ ಪಟ್ಟು ಹಿಡಿದ. ಒಂದು ಸೇನೆಯ ದಳಪತಿಗೆ ತನ್ನದೇ ಡಿವಿಷನ್‌ಗಳನ್ನು ಹಿಂದೆಗೆಯುವ ಅಧಿಕಾರವಿಲ್ಲ, ಆ ಅಧಿಕಾರ ಸಾವಿರಾರು ಕಿ.ಮೀ. ದೂರದಲ್ಲಿದೆ ಎಂಬುದು ಇಲ್ಲಿ ಬಟಾಬಯಲಾಯಿತು. ಅನುಮತಿಯ ಮಾತು ಬರುವಷ್ಟರಲ್ಲಿ ಮದ್ದುಗುಂಡು ಮುಗಿದಿತ್ತು. ನವೆಂಬರ್ 22ರಂದು ಹಿಟ್ಲರ್ ಲಸ್ಕರ್ ಅವರಿಗೆ ಜರ್ಮನಿಯ ಉನ್ನತ ಶೌರ್ಯಪದಕವಾದ ನೈಟ್ಸ್ ಕ್ರಾಸ್‌ನ ಓಕ್ ಎಲೆಗಳ ಗೌರವವನ್ನು ಘೋಷಿಸಿದ. ಜರ್ಮನನಲ್ಲದವರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಅದೇ ಹೊತ್ತಿಗೆ ಲಸ್ಕರ್ ಸೆರೆ ಸಿಕ್ಕಿದ್ದರು. ಮರುದಿನದಿಂದ ಸುಮಾರು 27,000 ಮಂದಿ ಶರಣಾದರು.

ಸಂಪರ್ಕದಿಂದ ಆಳ್ವಿಕೆಗೆ

ಸಾಲು ಕುಸಿದ ಮೇಲೆ ಜರ್ಮನ್ ಹೈಕಮಾಂಡ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕರ್ನಲ್ ವಾಲ್ಟರ್ ವೆಂಕ್ ಎಂಬ ಅಧಿಕಾರಿಯನ್ನು 57ನೆಯ ಪ್ಯಾಂಜರ್ ಕೋರ್‌ನಿಂದ ಎಬ್ಬಿಸಿ ವಿಮಾನದಲ್ಲಿ ಕಳಿಸಿದ್ದು. ಅವರ ನೇಮಕ ಸಂಪರ್ಕಾಧಿಕಾರಿಯಾಗಿ ಅಲ್ಲ, ರೊಮೇನಿಯಾದ ಮೂರನೆಯ ಸೇನೆಯ ಸಿಬ್ಬಂದಿ ಮುಖ್ಯಸ್ಥರಾಗಿ. ಪರದೇಶದ ಸೇನೆಯೊಂದರ ಒಳಗಣ ಎರಡನೆಯ ಕುರ್ಚಿಗೆ ಜರ್ಮನ್ ಕರ್ನಲ್ ಬಂದು ಕುಳಿತರು. ದುಮಿತ್ರೆಸ್ಕು ಸೇನಾಪತಿಯಾಗಿಯೇ ಉಳಿದರು, ಸಹಿ ಅವರದೇ. ವೆಂಕ್‌ಗೆ ರೊಮೇನಿಯನ್ ಬರುತ್ತಿರಲಿಲ್ಲ. ದುಭಾಷಿಯೊಬ್ಬರ ಮೂಲಕ ಮಾತು ನಡೆಯುತ್ತಿತ್ತು.

ಅವರು ಬಂದಾಗ ಸೇನೆ ಎಂಬುದು ನಕ್ಷೆಯ ಮೇಲಿನ ಹೆಸರಾಗಿತ್ತು. ಚಿರ್ ನದಿಯ ಉದ್ದಕ್ಕೂ, ಯಾರದೋ ಘಟಕದಿಂದ ತಪ್ಪಿಸಿಕೊಂಡು ಬಂದ ಚಾಲಕರು, ಅಡುಗೆಯವರು, ರಜೆ ಮುಗಿಸಿ ಮರಳುತ್ತಿದ್ದವರು, ವಾಯುಪಡೆಯ ನೆಲಸಿಬ್ಬಂದಿ, ರೈಲ್ವೆ ಕೆಲಸಗಾರರು ಚದುರಿಹೋಗಿದ್ದರು. ವೆಂಕ್ ಮುಂದೆ ಹೇಳಿಕೊಂಡಂತೆ, ಕೂಡುರಸ್ತೆಗಳಲ್ಲಿ ಸಿನಿಮಾ ತೋರಿಸಿ ಜನ ಸೇರಿದ ಮೇಲೆ ಅವರನ್ನೇ ಕಂಪನಿಗಳಾಗಿ ವಿಂಗಡಿಸಿ ಸಾಲಿಗೆ ಕಳಿಸಲಾಯಿತು; ವಾರಸುದಾರರಿಲ್ಲದ ಇಂಧನ ಉಗ್ರಾಣವೊಂದು ಸಿಕ್ಕಾಗ ‘ಇಂಧನ ವಿತರಣೆ ಇತ್ತ’ ಎಂಬ ಫಲಕಗಳನ್ನು ದಾರಿಯುದ್ದಕ್ಕೂ ನೆಡಿಸಿ, ಪೆಟ್ರೋಲಿಗಾಗಿ ಬಂದ ಲಾರಿ, ಕಾರು, ಟ್ಯಾಂಕುಗಳನ್ನು ಹಾಗೆಯೇ ಹಿಡಿದಿಟ್ಟುಕೊಳ್ಳಲಾಯಿತು. ಇಂಥ ಕಥೆಗಳಲ್ಲಿ ಹೇಳುವವನ ಹೆಮ್ಮೆ ಸ್ವಲ್ಪ ಬೆರೆತಿರುತ್ತದೆ, ನಿಜ. ಆದರೂ ಚಿರ್ ದಂಡೆಯಲ್ಲಿ ಕೆಲವೇ ದಿನಗಳಲ್ಲಿ ಒಂದು ತೆಳು ಸಾಲು ನಿಂತದ್ದು ಮತ್ತು ಅದು ಡಿಸೆಂಬರ್‌ನವರೆಗೆ ತಾಳಿದ್ದು ವಾಸ್ತವ. ಆ ಸಾಲಿನಲ್ಲಿ ನಿಂತವರಲ್ಲಿ ಬಹುಪಾಲು ಜರ್ಮನರು, ಅದರ ಹೆಸರು ಮಾತ್ರ ರೊಮೇನಿಯಾದ ಮೂರನೆಯ ಸೇನೆ.

ಸ್ಟಾಲಿನ್‌ಗ್ರಾಡ್‌ನ ದಕ್ಷಿಣಕ್ಕೂ ಇಂಥದ್ದೇ ನಡೆಯಿತು. ಅಲ್ಲಿ ನವೆಂಬರ್ 20ರಂದು ಒಡೆದ ರೊಮೇನಿಯಾದ ನಾಲ್ಕನೆಯ ಸೇನೆಯ ಜೊತೆಗಿದ್ದ ಸಂಪರ್ಕ ತಂಡದ ಮುಖ್ಯಸ್ಥ ಕರ್ನಲ್ ಹಾನ್ಸ್ ಡೋರ್ ಕೂಡ ವರದಿಗಾರನ ಪಾತ್ರ ಬಿಟ್ಟು ತಾವೇ ಕೈಹಾಕಬೇಕಾಯಿತು. ಇಟಲಿಯ ಎಂಟನೆಯ ಸೇನೆಯ ಜೊತೆಗೆ ಆಗಸ್ಟ್‌ನಿಂದಲೇ ಜನರಲ್ ಕುರ್ಟ್ ಫಾನ್ ಟಿಪ್ಪೆಲ್ಸ್‌ಕಿರ್ಖ್ ಇದ್ದರು. ಡಿಸೆಂಬರ್ ನಡುವಿನಲ್ಲಿ ಆ ಸೇನೆಯ ಸರದಿ ಬಂತು, ಜನವರಿಯಲ್ಲಿ ಹಂಗೇರಿಯದು. ಎಲ್ಲ ಕಡೆಯೂ ಕ್ರಮ ಒಂದೇ. ನೆಮ್ಮದಿಯ ದಿನಗಳಲ್ಲಿ ಅಧಿಕಾರವಿಲ್ಲದ ಸಲಹೆಗಾರ, ಕುಸಿದ ದಿನ ಹೊಣೆಯಿಲ್ಲದ ಆಡಳಿತಗಾರ.

ಯಾರ ತಪ್ಪು ಎಂಬ ಲೆಕ್ಕ

ನವೆಂಬರ್ ಮುಗಿಯುವ ಮುಂಚೆಯೇ ದೂರುಗಳ ಪತ್ರವ್ಯವಹಾರ ಶುರುವಾಯಿತು. ರೊಮೇನಿಯಾದ ಪ್ರಧಾನ ಸಿಬ್ಬಂದಿ ಮುಖ್ಯಸ್ಥ ಇಲಿಯೆ ಶ್ತೆಫ್ಲಿಯಾ, ಅಕ್ಟೋಬರ್‌ನಿಂದ ತಮ್ಮವರು ಕೊಟ್ಟ ಎಲ್ಲ ಎಚ್ಚರಿಕೆಗಳನ್ನೂ ಜರ್ಮನರು ಕಡೆಗಣಿಸಿದರೆಂದು ಮಿಷನ್ನಿಗೆ ನೇರವಾಗಿ ಹೇಳಿದರು. ಜರ್ಮನ್ ಘಟಕಗಳಲ್ಲಿ ಹಬ್ಬಿದ ಮಾತು ಇದಕ್ಕೆ ತದ್ವಿರುದ್ಧ: ರೊಮೇನಿಯಾದವರು ಓಡಿಹೋದರು. ಹಿಂದೆ ಸರಿಯುವ ದಾರಿಯಲ್ಲಿ ಜರ್ಮನ್ ಸೈನಿಕರು ಮಿತ್ರಸೈನಿಕರನ್ನು ವಾಹನಗಳಿಂದ ಕೆಳಗಿಳಿಸಿದ, ಆಶ್ರಯದಿಂದ ಹೊರದಬ್ಬಿದ, ಬೈದು ಹೊಡೆದ ಘಟನೆಗಳು ನಡೆದವು. ಡಿಸೆಂಬರ್ 9ರಂದು ಆಂಟೊನೆಸ್ಕು, ಆ ರಂಗದ ಹೊಸ ಜರ್ಮನ್ ಸೇನಾ ಸಮೂಹದ ಮುಖ್ಯಸ್ಥ ಫೀಲ್ಡ್ ಮಾರ್ಷಲ್ ಮನ್‌ಸ್ಟೈನ್ ಅವರಿಗೆ ಬರೆದ ದೀರ್ಘ ಪತ್ರದಲ್ಲಿ ರೊಮೇನಿಯಾ ತೆತ್ತ ಬೆಲೆ, ಕಡೆಗಣಿಸಲ್ಪಟ್ಟ ಎಚ್ಚರಿಕೆಗಳು ಮತ್ತು ಈ ಅವಮಾನಗಳು ಎಲ್ಲವೂ ಇವೆ. ಸಂಪರ್ಕ ವ್ಯವಸ್ಥೆ ಇದ್ದದ್ದೇ ಇಂಥ ಮಾತುಗಳು ಸೇನಾಧಿಪತಿಯ ಪತ್ರದ ಮಟ್ಟಕ್ಕೆ ಏರದಂತೆ ಕೆಳಗೇ ಬಗೆಹರಿಸುವುದಕ್ಕೆ. ಪತ್ರ ಬರೆಯಬೇಕಾಗಿ ಬಂತು ಎಂಬುದೇ ಆ ವ್ಯವಸ್ಥೆಯ ಸ್ಥಿತಿಯನ್ನು ಹೇಳುತ್ತದೆ. ಮನ್‌ಸ್ಟೈನ್ ಅದನ್ನು ಮೇಲಕ್ಕೆ ಕಳಿಸಿದರು, ತಮ್ಮ ಪಡೆಗಳಿಗೂ ಮಿತ್ರರೊಂದಿಗಿನ ನಡವಳಿಕೆಯ ಬಗ್ಗೆ ಸೂಚನೆ ಕೊಟ್ಟರು.

ಹಿಟ್ಲರ್‌ಗೆ ಬೇಕಾಗಿದ್ದದ್ದು ಒಬ್ಬ ಹೊಣೆಗಾರ. ಹೈಮ್ ಅವರನ್ನು ಕರೆಸಿ ಬಂಧಿಸಲಾಯಿತು. ಮುಂದೆ ಬಿಡುಗಡೆಯಾದ ಅವರನ್ನು 1944ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ರಕ್ಷಣೆಗೆ ನೇಮಿಸಲಾಯಿತು. ರೊಮೇನಿಯಾದ ಎರಡೂ ಸೇನೆಗಳು ನವೆಂಬರ್ 19ರಿಂದ ಜನವರಿ ಮೊದಲ ವಾರದವರೆಗೆ ಕಳೆದುಕೊಂಡವರ ಸಂಖ್ಯೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೂವರೆ ಲಕ್ಷವನ್ನು ಮೀರಿತು. ಸೆರೆಯಾಳಿನ ಮಾತನ್ನು ಮೇಲಕ್ಕೆ ಕಳಿಸಿದ್ದ ಒಂದನೆಯ ಅಶ್ವದಳ ಡಿವಿಷನ್ ಪೂರ್ವಕ್ಕೆ ತಳ್ಳಲ್ಪಟ್ಟು ಆರನೆಯ ಸೇನೆಯ ಜೊತೆಗೇ ಸ್ಟಾಲಿನ್‌ಗ್ರಾಡ್‌ನ ಸುತ್ತುಗಟ್ಟಿನೊಳಗೆ ಸಿಕ್ಕಿಕೊಂಡಿತು.

1943ರ ಜನವರಿಯಲ್ಲಿ ಆಂಟೊನೆಸ್ಕು ಹಿಟ್ಲರ್‌ನನ್ನು ಭೇಟಿ ಮಾಡಿ ಹೊಸ ಶಸ್ತ್ರಾಸ್ತ್ರಗಳ ಭರವಸೆ ಪಡೆದು ಮರಳಿದರು. ಅದೇ ತಿಂಗಳು ಹೌಫೆ ಅವರ ಜಾಗಕ್ಕೆ ಎರಿಕ್ ಹಾನ್ಸೆನ್ ಮತ್ತೆ ಬಂದರು. ರಂಗದಲ್ಲಿ ಉಳಿದ ರೊಮೇನಿಯಾದ ಡಿವಿಷನ್‌ಗಳನ್ನು, ಕುಬಾನ್‌ನಲ್ಲಾಗಲಿ ಕ್ರೈಮಿಯಾದಲ್ಲಾಗಲಿ, ಜರ್ಮನಿಯ ಹದಿನೇಳನೆಯ ಸೇನೆಯ ಕೋರ್‌ಗಳೊಳಗೆ ಹೊಲಿದುಬಿಡಲಾಯಿತು. ಮಿತ್ರಸೇನೆಯ ಮಾತಿಗೆ ತೂಕ ಬರುವಂತೆ ಮಾಡುವ ಬದಲು, ಮಾತಾಡಬೇಕಾದ ಸೇನೆಯೇ ಇಲ್ಲದಂತೆ ಮಾಡಿದ ಪರಿಹಾರ ಇದು. ಯುದ್ಧತಂತ್ರದ ದೃಷ್ಟಿಯಿಂದ ಇದು ಕೆಲಸ ಮಾಡಿತೆಂದೇ ಹೇಳಬೇಕು. ಕುಬಾನ್‌ನಲ್ಲಿ ರೊಮೇನಿಯಾದ ಬೆಟ್ಟದಳಗಳು ತಿಂಗಳುಗಟ್ಟಲೆ ಚೆನ್ನಾಗಿ ನಿಂತವು.

1944ರ ಬೇಸಿಗೆಯಲ್ಲಿ ರಂಗ ರೊಮೇನಿಯಾದ ಮನೆಬಾಗಿಲಿಗೆ ಬಂದಾಗ ವ್ಯವಸ್ಥೆಯನ್ನು ಮತ್ತೆ ತಿರುಗಿಸಬೇಕಾಯಿತು. ತಮ್ಮ ನೆಲದಲ್ಲಿ ತಮ್ಮ ಸೇನಾಪತಿಗಳಿಗೆ ಸ್ಥಾನ ಬೇಕೆಂಬ ಬುಖಾರೆಸ್ಟ್‌ನ ಒತ್ತಾಯಕ್ಕೆ ಮಣಿದು, ಡ್ನೀಸ್ಟರ್ ನದಿಯ ಕೆಳದಂಡೆಯಲ್ಲಿ ದುಮಿತ್ರೆಸ್ಕು ಅವರ ಹೆಸರಿನ ಸೇನಾಗುಂಪು ರಚನೆಯಾಯಿತು. ಅದರಲ್ಲಿ ರೊಮೇನಿಯಾದ ಮೂರನೆಯ ಸೇನೆ ಇತ್ತು, ಜೊತೆಗೆ ಹೊಸದಾಗಿ ಕಟ್ಟಿದ ಜರ್ಮನಿಯ ಆರನೆಯ ಸೇನೆಯೂ ಅವರ ಅಧೀನಕ್ಕೇ ಬಂತು. ವೆಂಕ್ ಆ ವರ್ಷದ ಜುಲೈವರೆಗೆ ಆ ರಂಗದ ಸೇನಾ ಸಮೂಹದ ಸಿಬ್ಬಂದಿ ಮುಖ್ಯಸ್ಥರಾಗಿದ್ದರು. ಆಗಸ್ಟ್ 20ರಂದು ಸೋವಿಯತ್ ದಾಳಿ ಆರಂಭವಾಯಿತು. 23ರಂದು ರೊಮೇನಿಯಾದ ದೊರೆ ಮಿಹಾಯ್ ಅವರು ಆಂಟೊನೆಸ್ಕುವನ್ನು ಅರಮನೆಯಲ್ಲೇ ಬಂಧಿಸಿ ಯುದ್ಧವಿರಾಮ ಸಾರಿದರು. ಜರ್ಮನ್ ಸಿಬ್ಬಂದಿ ತಂಟೆಯಿಲ್ಲದೆ ಹೊರಟುಹೋಗಬಹುದೆಂದು ಮೊದಲು ಹೇಳಲಾಗಿತ್ತು. ಮರುದಿನ ಜರ್ಮನ್ ವಿಮಾನಗಳು ಬುಖಾರೆಸ್ಟ್ ಮೇಲೆ ಬಾಂಬು ಹಾಕಿದ ಮೇಲೆ, 25ರಂದು ರೊಮೇನಿಯಾ ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ರೊಮೇನಿಯಾದ ಕಚೇರಿಗಳಲ್ಲಿ ಮೇಜು ಹಂಚಿಕೊಂಡಿದ್ದ ಸಂಪರ್ಕ ತಂಡಗಳು ಎರಡೇ ದಿನಗಳಲ್ಲಿ ಶತ್ರುದೇಶದ ಅಧಿಕಾರಿಗಳಾದವು.

ಆರನೆಯ ಸೇನೆ ಎರಡನೆಯ ಬಾರಿಗೆ ಸುತ್ತುಗಟ್ಟಿನಲ್ಲಿ ನಾಶವಾಯಿತು. ಹಾನ್ಸೆನ್ ಬುಖಾರೆಸ್ಟ್‌ನಲ್ಲಿ ಸೆರೆಯಾಗಿ ಸೋವಿಯತ್ ವಶಕ್ಕೆ ಹೋದರು, 1955ರವರೆಗೆ ಮರಳಲಿಲ್ಲ. ಲಸ್ಕರ್ ಸೋವಿಯತ್ ಸೆರೆಯಲ್ಲಿದ್ದಾಗ ಅಲ್ಲಿ ಕಟ್ಟಿದ ರೊಮೇನಿಯನ್ ಡಿವಿಷನ್ನೊಂದರ ನೇತೃತ್ವ ಒಪ್ಪಿಕೊಂಡು ಊರಿಗೆ ಬಂದರು. 1946ರಲ್ಲಿ ರಕ್ಷಣಾ ಸಚಿವರಾದರು.